‘ಒತ್ತಿದ್ದು ನೀವೇ’ ಎಂಬ ಉತ್ತರ ಸಾಲದು: ಫೋನ್, ಕಂಪ್ಯೂಟರ್ ತಯಾರಕರ ಹೊಣೆ ಕುರಿತು ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ (ಸರ್ಟ್-ಇನ್),
ನವದೆಹಲಿ.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು ಜಿಲ್ಲೆ.

ಇಂದ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಮೊಬೈಲ್ ಹಾಗೂ ಕಂಪ್ಯೂಟರ್ ಬಳಕೆದಾರರು.

ವಿಷಯ: ಮೋಸದ ಆ್ಯಪ್‌ಗಳಿಗೆ ಬಲಿಯಾದ ಗ್ರಾಹಕರಿಗೆ ನೆರವಾಗುವುದನ್ನು ತಯಾರಕರಿಗೆ ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಭಾಗದಲ್ಲಿ ಅಡಿಕೆ, ತೆಂಗು, ಈರುಳ್ಳಿ ಮಾರಿದ ಹಣ ಈಗ ಬಹುಪಾಲು ಫೋನಿನಲ್ಲೇ ಓಡಾಡುತ್ತಿದೆ. ಪಿಎಂ ಕಿಸಾನ್ ಕಂತು, ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದದ್ದು ತಿಳಿಯುವುದೂ ಎಸ್ಎಂಎಸ್‌ನಿಂದಲೇ. ಕಳ್ಳರು ಕಣ್ಣಿಟ್ಟಿರುವುದೂ ಆ ಎಸ್ಎಂಎಸ್ ಮೇಲೆಯೇ.

ಮೋಸ ನಡೆಯುವ ಬಗೆ ಹೀಗಿದೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಗುರುತಿನವರ ನಂಬರಿನಿಂದಲೇ ‘ಆರ್‌ಟಿಒ ಚಲನ್’, ‘ಪಿಎಂ ಕಿಸಾನ್’ ಅಥವಾ ಮದುವೆ ಲಗ್ನಪತ್ರಿಕೆಯ ಹೆಸರಿನ ಫೈಲು ಬರುತ್ತದೆ. ಹೆಸರಿನ ತುದಿಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಲಗ್ನದ ತಿಂಗಳಲ್ಲಿ ಅದನ್ನು ಯಾರು ಗಮನಿಸುತ್ತಾರೆ? ಒತ್ತಿದ ಕೂಡಲೇ, ಗೊತ್ತಿಲ್ಲದ ಮೂಲದಿಂದ ಆ್ಯಪ್ ಹಾಕಿಕೊಳ್ಳಬಹುದೇ ಎಂದು ಫೋನು ಕೇಳುತ್ತದೆ. ಆಮೇಲೆ ಆ ಆ್ಯಪ್ ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ. ಎರಡೂ ಕಡೆ ‘ಅಲೋ’ ಒತ್ತಿದರೆ ಮುಗಿಯಿತು. ಐಕಾನ್ ಕೂಡ ಮಾಯವಾಗುತ್ತದೆ. ಬ್ಯಾಂಕಿನ ಒಟಿಪಿ ಖಾತೆದಾರನ ಕಣ್ಣಿಗೆ ಬೀಳುವ ಮೊದಲೇ ಕಳ್ಳನ ಕೈ ಸೇರಿರುತ್ತದೆ. ವಾಟ್ಸ್‌ಆ್ಯಪ್ ಕೂಡ ಅವನ ವಶವಾದರೆ ಅದೇ ಫೈಲು ನಮ್ಮ ಹೆಸರಿನಲ್ಲಿ ನೆಂಟರಿಷ್ಟರಿಗೆಲ್ಲ ಹೋಗುತ್ತದೆ. ಕಂಪ್ಯೂಟರ್‌ನಲ್ಲಾದರೆ ಪರದೆ ತುಂಬ ಕೆಂಪು ಎಚ್ಚರಿಕೆ, ಸೈರನ್ ಸದ್ದು, ಜೊತೆಗೊಂದು ‘ಸಹಾಯವಾಣಿ’ ನಂಬರು. ತನ್ನ ದೋಷಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಆದರೆ ಅದನ್ನು ಕನ್ನಡದಲ್ಲಿ ನಮ್ಮೂರಿನವರ ಕಿವಿಗೆ ಹಾಕಿದವರು ಯಾರೂ ಇಲ್ಲ.

ಇಷ್ಟಾದ ಮೇಲೆ ಸರ್ವಿಸ್ ಸೆಂಟರಿಗೆ ಹೋದರೆ ಸಿಗುವ ಉತ್ತರ ಒಂದೇ: ಇದು ಫೋನಿನ ದೋಷವಲ್ಲ, ಒತ್ತಿದ್ದು ನೀವೇ, ವಾರಂಟಿಗೆ ಬರುವುದಿಲ್ಲ, ಬೇಕಾದರೆ ರಿಸೆಟ್ ಮಾಡಿಕೊಡುತ್ತೇವೆ. ರಿಸೆಟ್ ಮಾಡಿದರೆ ಮಗುವಿನ ಫೋಟೊಗಳಷ್ಟೇ ಹೋಗುವುದಿಲ್ಲ, ಪೊಲೀಸರಿಗೆ ಬೇಕಾದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೂರು ದಾಖಲಿಸಿ, ಆಮೇಲೆ ಬನ್ನಿ ಎಂದು ಹೇಳುವ ಕನಿಷ್ಠ ಕರ್ತವ್ಯವನ್ನೂ ಅವರಿಗೆ ಯಾರೂ ವಿಧಿಸಿಲ್ಲ.

‘ಒತ್ತಿದ್ದು ನೀವೇ’ ಎಂಬ ವಾದ ಹಳೆಯದು. 2011ರ ಮೇ ತಿಂಗಳಲ್ಲಿ ‘ಮ್ಯಾಕ್ ಡಿಫೆಂಡರ್’ ಎಂಬ ನಕಲಿ ಆ್ಯಂಟಿವೈರಸ್ ಆ್ಯಪಲ್ ಕಂಪ್ಯೂಟರ್‌ಗಳಿಗೆ ಹಬ್ಬಿತು. ಇಲ್ಲದ ವೈರಸ್ ತೋರಿಸಿ ಕ್ರೆಡಿಟ್ ಕಾರ್ಡ್ ನಂಬರ್ ಕೀಳುವುದು ಅದರ ಕಸುಬು. ಅದನ್ನು ತೆಗೆಯಲು ಗ್ರಾಹಕರಿಗೆ ನೆರವಾಗಬೇಡಿ ಎಂದು ಆ್ಯಪಲ್ ಮೊದಲು ತನ್ನ ಸಹಾಯವಾಣಿ ಸಿಬ್ಬಂದಿಗೆ ಸೂಚಿಸಿದ್ದು ಪತ್ರಿಕೆಗಳಲ್ಲಿ ಬಯಲಾಯಿತು. ಮೇ 24ರಂದು ಅದೇ ಕಂಪನಿ ತೆಗೆಯುವ ವಿಧಾನವನ್ನು ಪ್ರಕಟಿಸಿತು. ಮೇ 31ರಂದು ಅದನ್ನು ತಾನಾಗಿಯೇ ಗುರುತಿಸಿ ತೆಗೆಯುವ ಅಪ್‌ಡೇಟ್ ಬಿಟ್ಟಿತು. ಅಲ್ಲೂ ಬಳಕೆದಾರರೇ ಒತ್ತಿದ್ದರು. ಆದರೂ ಒಂದು ತಿಂಗಳೊಳಗೆ ತಯಾರಕರಿಂದ ಪರಿಹಾರ ಸಾಧ್ಯವಾಯಿತು. ನಮ್ಮ ಬೇಡಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಾನೂನಿನ ಆಧಾರವೂ ಇದೆ. ಸಾಕಷ್ಟು ಸೂಚನೆ, ಎಚ್ಚರಿಕೆ ನೀಡದ ತಯಾರಕನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಂ ಹೊಣೆಯಾಗಿಸುತ್ತದೆ. ಎಲ್ಲರಿಗೂ ಗೊತ್ತಿರುವ ಅಪಾಯಕ್ಕೆ 87ನೇ ಕಲಂ ವಿನಾಯಿತಿ ಕೊಡುತ್ತದೆಂದು ಕಂಪನಿಗಳು ವಾದಿಸಬಹುದು. ತನ್ನ ಐಕಾನನ್ನೇ ಬಚ್ಚಿಡುವ ಆ್ಯಪು ಎಲ್ಲರಿಗೂ ಗೊತ್ತಿರುವ ಅಪಾಯ ಹೇಗಾದೀತು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಂ ತಮಗೆ ನಿರ್ದೇಶನ ನೀಡುವ ಅಧಿಕಾರ ಕೊಟ್ಟಿದೆ. ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರಂದು ತಾವು ಆದೇಶಿಸಿದ್ದು ಅದೇ ಅಧಿಕಾರದಿಂದ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಗೊತ್ತಿಲ್ಲದ ಮೂಲದಿಂದ ಬಂದ ಆ್ಯಪು ಎಸ್ಎಂಎಸ್ ಅನುಮತಿ ಕೇಳಿದರೆ ಫೋನೇ ಅದನ್ನು ತಡೆಯಬೇಕು. ಇದು ಆಗದ ಮಾತಲ್ಲ: ಇಂಥ ತಡೆಯನ್ನು ಸಿಂಗಪುರದಲ್ಲಿ ಪರೀಕ್ಷಿಸಿದ ಗೂಗಲ್, ಭಾರತದಲ್ಲೂ ಪ್ರಾಯೋಗಿಕವಾಗಿ ತರುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದೆ. ಅಗ್ಗದ ಫೋನುಗಳೂ ಸೇರಿದಂತೆ ಇಲ್ಲಿ ಮಾರಾಟವಾಗುವ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಅದು ಕಾಯಂ ಆಗಬೇಕು. ಆ್ಯಪ್ ತಯಾರಿಸುವವರ ಗುರುತು ಖಾತ್ರಿಪಡಿಸುವ ನಿಯಮವನ್ನು ಗೂಗಲ್ 2026ರ ಸೆಪ್ಟೆಂಬರ್‌ನಿಂದ ಮೊದಲು ಜಾರಿಗೆ ತರುವುದಾಗಿ ಹೇಳಿರುವುದು ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ. ಆ ಪಟ್ಟಿಯಲ್ಲಿ ಭಾರತ ಏಕಿಲ್ಲ ಎಂದು ತಾವು ಕೇಳಬೇಕು.

ಫೋನ್ ಮಾರುವಾಗಲೇ ಅಂಗಡಿಯಲ್ಲಿ ಭಾಷೆ ಕೇಳಿ ಹೊಂದಿಸಿ ಕೊಡಬೇಕು. ಎಚ್ಚರಿಕೆಗಳು ಆಡುಮಾತಿನ ಕನ್ನಡದಲ್ಲಿರಬೇಕು. ‘ಇದಕ್ಕೆ ಒಪ್ಪಿದರೆ ನಿಮ್ಮ ಬ್ಯಾಂಕ್ ಒಟಿಪಿಯನ್ನು ಈ ಆ್ಯಪ್ ಓದುತ್ತದೆ’ ಎಂದರೆ ಸಾಕು, ಯಾರಿಗೂ ಅರ್ಥವಾಗುತ್ತದೆ. ಸೋಂಕು ತಗುಲಿದ ಫೋನನ್ನು ವಾರಂಟಿ ನೋಡದೆ ಉಚಿತವಾಗಿ ಶುಚಿಗೊಳಿಸಬೇಕು, ದೂರು ದಾಖಲಾಗುವ ಮೊದಲು ರಿಸೆಟ್ ಮಾಡಕೂಡದು. 2017ರಿಂದ ಇರುವ ತಮ್ಮ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳ ಮಾಹಿತಿ ಪ್ರತಿ ಸರ್ವಿಸ್ ಸೆಂಟರಿನ ಗೋಡೆಯ ಮೇಲೆ ಇರಬೇಕು.

ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಸರ್ಕಾರದ್ದೇ ಮೊಬೈಲ್ ಸುರಕ್ಷತಾ ಆ್ಯಪ್ ಆದ ‘ಸಂಚಾರ ಸಾಥಿ’ಯನ್ನು ಎಲ್ಲ ಹೊಸ ಫೋನಿಗೂ ಕಡ್ಡಾಯ ಮಾಡಿದ ಆದೇಶವನ್ನು ಸರ್ಕಾರ 2025ರ ಡಿಸೆಂಬರ್‌ನಲ್ಲಿ ಹಿಂಪಡೆದದ್ದು ಸರಿಯೇ. ನಾವು ಕೇಳುತ್ತಿರುವುದು ಮತ್ತೊಂದು ಸರ್ಕಾರಿ ಆ್ಯಪನ್ನಲ್ಲ. ಫೋನ್ ಮಾರಿ ದುಡ್ಡು ಪಡೆದವರು ತಮ್ಮ ಪಾಲಿನ ಕೆಲಸ ಮಾಡಲಿ.

ಈ ಮನವಿಯ ಮೇಲೆ ಕೈಗೊಂಡ ಕ್ರಮದ ವಿವರವನ್ನು ಜಿಲ್ಲಾಧಿಕಾರಿಗಳ ಕಚೇರಿಯ ಮೂಲಕ ನಮಗೆ ಕನ್ನಡದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ನಾಗರಿಕರು

ಸ್ಥಳ: ಕಡೂರು

ಪ್ರತಿ: ಮುಖ್ಯ ಆಯುಕ್ತರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ.