ಪರೀಕ್ಷೆ ಮುಗಿಯಲಿ ಎಂದು ಕಾದ ಉಮ್ಮ

ಅಲಿ ಬನಾತ್ ಅವರ ವೀಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವರು ಆಸ್ಟ್ರೇಲಿಯಾದ ಸಿಡ್ನಿಯ ಯುವ ಉದ್ಯಮಿ. 2015ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಇನ್ನು ಏಳು ತಿಂಗಳು ಎಂದು ವೈದ್ಯರು ಹೇಳಿದರು. ಅಲ್ಲಿಯವರೆಗೆ ದುಬಾರಿ ಕಾರು, ವಾಚು, ಬಟ್ಟೆಗಳ ನಡುವೆ ಇದ್ದ ಅವರು ಅದೆಲ್ಲದರ ಮೋಹ ಬಿಟ್ಟು, ಆಫ್ರಿಕಾದ ಟೋಗೊ ದೇಶದ ಬಡವರಿಗಾಗಿ ಸೇವಾಸಂಸ್ಥೆಯೊಂದನ್ನು ಕಟ್ಟಿದರು. ಸುಮಾರು ಮೂರು ವರ್ಷ ಬದುಕಿ, 2018ರ ಮೇ 29ರಂದು ರಮಝಾನ್ ತಿಂಗಳಲ್ಲಿ ತೀರಿಕೊಂಡರು. ತಮ್ಮ ಕಾಯಿಲೆಯನ್ನು ಅವರು ಅಲ್ಲಾಹನು ಕೊಟ್ಟ ಉಡುಗೊರೆ ಎಂದೇ ಕರೆದಿದ್ದರು.

ನಾನೂ ಆ ವೀಡಿಯೊ ನೋಡಿ ಅತ್ತಿದ್ದೆ. ನಾಲ್ಕು ಜನರಿಗೆ ಕಳುಹಿಸಿಯೂ ಇದ್ದೆ. ಆದರೆ ನಮ್ಮ ಮನೆಗೇ ಕ್ಯಾನ್ಸರ್ ಬಂದಾಗ ಬೇರೊಂದು ಪ್ರಶ್ನೆ ನನ್ನನ್ನು ಕಾಡಿತು. ಬಿಟ್ಟುಬಿಡಲು ಕಾರು ಇದ್ದವರು ಕಾರು ಬಿಟ್ಟರು. ಏನೂ ಇಲ್ಲದವರು, ಇದ್ದುದನ್ನೆಲ್ಲ ಮೊದಲೇ ಮಕ್ಕಳಿಗೆ ಕೊಟ್ಟು ಮುಗಿಸಿದವರು ಏನನ್ನು ಬಿಡಬೇಕು? ಬದುಕಿನಲ್ಲಿ ಮುಖ್ಯವಾದದ್ದು ಯಾವುದು ಎಂದು ಅವರು ಹೊಸದಾಗಿ ಕಂಡುಕೊಳ್ಳುವುದಾದರೂ ಏನು?

ನನ್ನ ಉಮ್ಮ ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಮಾಡಿ, ನೂಲು ಸುತ್ತಿ, ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ನಾನು ಹುಟ್ಟುವ ಮೊದಲಿನಿಂದಲೂ ಅವರ ಮಡಿಲಲ್ಲಿ ಆ ಮೊರ ಇದೆ. ನನ್ನ ಶಾಲಾ ಶುಲ್ಕ, ಅಣ್ಣನ ಐಟಿಐ, ಮನೆಯ ಹಂಚು, ಎಲ್ಲದರಲ್ಲೂ ಆ ಬೀಡಿಗಳ ಪಾಲಿದೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ, ಆಗಸ್ಟ್ ತಿಂಗಳಲ್ಲಿ, ಸ್ನಾನ ಮಾಡುವಾಗ ಉಮ್ಮನ ಕೈಗೆ ಗಂಟೊಂದು ಸಿಕ್ಕಿತು. ನೋವಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದು ಏಪ್ರಿಲ್‌ನಲ್ಲಿ, ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುವಾರ. "ನಿನ್ನ ಪರೀಕ್ಷೆ ಮುಗಿಯಲಿ ಅಂತ ಕಾದೆ" ಎಂದರು. ತಪಾಸಣೆಯಲ್ಲಿ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಕಂಕುಳಿನ ಗ್ರಂಥಿಗಳನ್ನೂ ತಲುಪಿತ್ತು. ಮೊದಲೇ ಬಂದಿದ್ದರೆ ಚಿಕಿತ್ಸೆ ಇಷ್ಟು ದೊಡ್ಡದಾಗುತ್ತಿರಲಿಲ್ಲ ಎಂದು ವೈದ್ಯರು ಮೆಲ್ಲಗೆ ಹೇಳಿದರು. ನನಗೆ 625ಕ್ಕೆ 582 ಅಂಕ ಬಂತು. ಫಲಿತಾಂಶ ಬಂದ ವಾರದಲ್ಲೇ ಉಮ್ಮನ ಶಸ್ತ್ರಚಿಕಿತ್ಸೆ ನಡೆಯಿತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅದೇ ವರ್ಷದ ನವೆಂಬರಿನಲ್ಲಿ ನಾನು ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದಿದ್ದೆ. ವಿಷಯ 'ತಾಯಿ'. ತಾಯಿಯ ಪಾದದಡಿಯ ಸ್ವರ್ಗದ ಬಗ್ಗೆ ಬರೆದಿದ್ದೆ. ಆಕೆ ಮೇಣದಬತ್ತಿಯಂತೆ ತಾನು ಉರಿದು ಬೆಳಕು ಕೊಡುತ್ತಾಳೆ ಎಂದೂ ಬರೆದಿದ್ದೆ. ಆ ದಿನ ಉಮ್ಮನ ಎದೆಯಲ್ಲಿ ಗಂಟು ಇದ್ದು ಮೂರು ತಿಂಗಳಾಗಿತ್ತು. ಮೇಣದಬತ್ತಿಯನ್ನು ಹೊಗಳಿ ನಾನು ಪ್ರಮಾಣಪತ್ರ ತಂದೆ. ಉಮ್ಮ ಅದನ್ನು ಗೋಡೆಗೆ ತೂಗುಹಾಕಿದರು.

ಈಗ ನನಗೆ ಅನ್ನಿಸುವುದು ಇಷ್ಟು. ನಾವು ತಾಯಂದಿರ ತ್ಯಾಗವನ್ನು ಹೊಗಳುವ ರೀತಿಯಲ್ಲೇ ಏನೋ ತಪ್ಪಿದೆ. ಹೊಗಳಿ ಹೊಗಳಿ, ತನಗಾಗಿ ಏನನ್ನಾದರೂ ಕೇಳುವುದೇ ತಪ್ಪು ಎಂದು ಅವರು ನಂಬುವಂತೆ ಮಾಡಿದ್ದೇವೆ. ಗಂಟು ಸಿಕ್ಕಿದೆ ಎಂದು ಹೇಳುವುದೂ ಅವರಿಗೆ ಕೇಳುವುದರಂತೆಯೇ ಅನ್ನಿಸುತ್ತದೆ. ಆಟೋ ಬಾಡಿಗೆ ಕೇಳಬೇಕು, ಒಂದು ದಿನದ ಬೀಡಿ ತಪ್ಪಿಸಬೇಕು, ಮನೆಯವರಿಗೆ ಚಿಂತೆ ಕೊಡಬೇಕು. ಜೊತೆಗೆ ನಾಚಿಕೆ ಬೇರೆ. ಆ ಅಂಗದ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಈ ಬರಹದಲ್ಲಿ ಬರೆಯುವಾಗಲೂ ನಾನು ಎರಡು ಸಲ ಯೋಚಿಸಿದೆ.

ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಕ್ಯಾನ್ಸರ್ ಬಗ್ಗೆ ಪಾಠವಿದೆ. ಆರೋಗ್ಯವಂತ ಜೀವಕೋಶ ಪಕ್ಕದ ಕೋಶಗಳನ್ನು ತಾಗಿದಾಗ ಬೆಳೆಯುವುದನ್ನು ನಿಲ್ಲಿಸುತ್ತದೆ, ಕ್ಯಾನ್ಸರ್ ಕೋಶ ಆ ಗುಣವನ್ನೇ ಕಳೆದುಕೊಂಡಿರುತ್ತದೆ ಎಂದು ನಾವು ಓದುತ್ತೇವೆ. ಬೇಗ ಪತ್ತೆಯಾಗುವುದು ಮುಖ್ಯ ಎಂದೂ ಅಲ್ಲಿದೆ. ಪರೀಕ್ಷೆಗೆ ನಾವು ಅದನ್ನು ಚೆನ್ನಾಗಿಯೇ ಬರೆಯುತ್ತೇವೆ. ಆದರೆ ಬೇಗ ಪತ್ತೆಯಾಗಬೇಕಾದರೆ ಯಾರಾದರೂ ಬೇಗ ಹೇಳಬೇಕು. ಬೇಗ ಹೇಳಬೇಕಾದರೆ ಮನೆಯಲ್ಲಿ ಯಾರಾದರೂ ಕೇಳಬೇಕು. ಅದನ್ನು ಪಾಠಪುಸ್ತಕ ನಮ್ಮ ಪರವಾಗಿ ಮಾಡಲಾರದು.

ಚಿಕಿತ್ಸೆಯ ದಿನಗಳಿಗೆ ಬರುತ್ತೇನೆ. 21 ದಿನಗಳಿಗೊಮ್ಮೆ ಕೀಮೊ. ಎರಡನೆಯದು ಆಗುವಷ್ಟರಲ್ಲಿ ಕೂದಲು ಹೋಯಿತು. ಮೊರ ಮೂಲೆ ಸೇರಿತು. ಅಡುಗೆಮನೆ ನನ್ನದಾಯಿತು, ಬಾವಿಯ ನೀರು ಅಣ್ಣನದು, ಉಪ್ಪ ಬಟ್ಟೆ ಒಗೆಯಲು ಕಲಿತರು. ಉಮ್ಮ ಒಬ್ಬರೇ ಎಷ್ಟು ಕೆಲಸ ಮಾಡುತ್ತಿದ್ದರು ಎಂಬುದು ಮೂವರು ಮಾಡಿದಾಗ ಲೆಕ್ಕಕ್ಕೆ ಸಿಕ್ಕಿತು. ಬಂದವರೆಲ್ಲ "ಸಬ್ರ್ ಮಾಡಿ" ಎನ್ನುತ್ತಿದ್ದರು. ಅವರು ಹೋದ ಮೇಲೆ ಉಮ್ಮ ಒಮ್ಮೆ, "ಇಷ್ಟು ವರ್ಷ ಮಾಡಿದ್ದು ಸಬ್ರ್ ಅಲ್ಲದೆ ಮತ್ತೇನು?" ಎಂದರು.

ಮೂರನೆಯ ಕೀಮೊ ಆದ ಮೇಲೆ ಒಂದು ದಿನ, "ನನಗೆ ಕಡಲು ನೋಡಬೇಕು" ಎಂದರು. ಉಳ್ಳಾಲದ ಕಡಲು ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮದುವೆಯಾದ ಮೇಲೆ ಅವರು ಎರಡೇ ಸಲ ಹೋಗಿದ್ದರಂತೆ, ಅದೂ ನೆಂಟರನ್ನು ಕರೆದುಕೊಂಡು. ಅಸರ್ ನಮಾಝ್ ಮುಗಿಸಿ ಹೋದೆವು. ಜನ ಕಡಿಮೆ ಇದ್ದ ಕಡೆ ಮರಳಿನ ಮೇಲೆ ಕೂತೆವು. ಬಿಸಿಬಿಸಿ ನೆಲಗಡಲೆಯ ಪೊಟ್ಟಣ ತಂದುಕೊಟ್ಟೆ. ಮನೆಯಲ್ಲಿ ಏನು ತಂದರೂ ಉಮ್ಮ ತನ್ನ ಪಾಲನ್ನು ಎತ್ತಿಟ್ಟು ನಮಗೇ ಕೊಡುವವರು. ಅಂದು ನೀರು ನೋಡುತ್ತಾ, ಒಂದೊಂದೇ ಬಾಯಿಗೆ ಹಾಕುತ್ತಾ, ಇಡೀ ಪೊಟ್ಟಣವನ್ನು ಒಬ್ಬರೇ ಮುಗಿಸಿದರು. ನನಗೆ ಬೇಕಾ ಎಂದು ಕೇಳಲೂ ಇಲ್ಲ. ಹದಿನಾರು ವರ್ಷಗಳಲ್ಲಿ ನಾನು ಹಾಗೆ ನೋಡಿದ್ದು ಅದೇ ಮೊದಲು. ನನಗೆ ಆದ ಸಂತೋಷ 582 ಅಂಕಗಳಿಂದಲೂ ಆಗಿರಲಿಲ್ಲ.

ಅಲಿ ಬನಾತ್ ಅವರಿಗೆ ಕಾಯಿಲೆ ಕೊಡುವುದನ್ನು ಕಲಿಸಿತು. ನನ್ನ ಉಮ್ಮನಿಗೆ ಅದು ತೆಗೆದುಕೊಳ್ಳುವುದನ್ನು ಕಲಿಸಿತು. "ದಣಿವಾಗಿದೆ" ಎಂದು ಹೇಳಲು, ಮಧ್ಯಾಹ್ನ ಮಲಗಲು, ಮೀನಿನ ನಡುವಿನ ತುಂಡನ್ನು ತನ್ನ ತಟ್ಟೆಗೇ ಹಾಕಿಕೊಳ್ಳಲು. ಇದು ಸ್ವಾರ್ಥವಲ್ಲವೇ ಎಂದು ಕೆಲವರು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಮದರಸದಲ್ಲೇ ಕಲಿತಿದ್ದೇವೆ. ಆ ಹಕ್ಕು ತಾಯಂದಿರ ಶರೀರಕ್ಕೆ ಇಲ್ಲವೇ?

ಆದರೂ ಕ್ಯಾನ್ಸರನ್ನು ಉಡುಗೊರೆ ಎನ್ನಲು ನನ್ನಿಂದಾಗದು. ಕಾಯಿಲೆ ಅನುಭವಿಸಿದವರು ಹಾಗೆ ಹೇಳಿದರೆ ಗೌರವಿಸುತ್ತೇನೆ. ಉಮ್ಮ ಹಾಗೆ ಹೇಳಿಲ್ಲ. ಕಡಲು ನೋಡಲು, ಒಂದು ಪೊಟ್ಟಣ ಕಡಲೆ ತಿನ್ನಲು ಇಷ್ಟು ದೊಡ್ಡ ಬೆಲೆ ಕೊಡಬೇಕಾಗಿರಲಿಲ್ಲ. ಮುಖ್ಯವಾದದ್ದು ಗೊತ್ತಾಗಲು ಬಯಾಪ್ಸಿ ವರದಿ ಬರುವ ತನಕ ಕಾಯಬೇಕಾಗಿಲ್ಲ ಎಂದು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಹಾಗಾಗಿ ಓದುವ ಗೆಳತಿಯರಲ್ಲಿ, ಗೆಳೆಯರಲ್ಲಿ ಒಂದು ವಿನಂತಿ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರ್. ಆರಂಭದಲ್ಲಿ ಗಂಟಿಗೆ ನೋವಿಲ್ಲದೆ ಇರಬಹುದು. ನೋವಿಲ್ಲವೆಂದು ಸುಮ್ಮನಿರಬಾರದು. ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಇದು ಅಂಟುರೋಗವಲ್ಲ. ಖರ್ಚಿನ ಭಯವಿದ್ದರೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನಮಗೂ ಅದೇ ನೆರವಾಯಿತು. ಇದನ್ನು ಮನೆಯಲ್ಲಿ ಹೇಳಿ. ಉಪನ್ಯಾಸಕರಲ್ಲೂ ಒಂದು ಕೋರಿಕೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ, ಬಂದ ತಾಯಂದಿರಿಗಾಗಿ ಒಬ್ಬ ವೈದ್ಯೆಯನ್ನು ಕರೆಸಿ ಅರ್ಧ ಗಂಟೆ ಮಾತನಾಡಿಸಬಹುದೇ?

ಮತ್ತೆ, ನಿಮ್ಮ ಪರೀಕ್ಷೆ ಮುಗಿಯಲಿ ಎಂದು ನಿಮ್ಮ ಮನೆಯಲ್ಲಿ ಯಾರು ಏನನ್ನು ಮುಂದೂಡುತ್ತಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. "ಏನಿಲ್ಲ" ಎಂದರೆ ಇನ್ನೊಮ್ಮೆ ಕೇಳಿ.

ಉಮ್ಮ ಈಗ ತಪಾಸಣೆಗೆ ಹೋಗಿಬರುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಮುಂದೇನು ಎಂಬುದು ಅಲ್ಲಾಹನಿಗೆ ಗೊತ್ತು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆದೆ, ಬರೆದ ಮೇಲೆ ಓದಿಯೂ ಹೇಳಿದೆ. ಎಲ್ಲವನ್ನೂ ಕೇಳಿ, "ಕಡಲೆಯಲ್ಲಿ ಅರ್ಧ ನಿನಗೆ ಕೊಟ್ಟಿದ್ದೆನಲ್ಲ" ಎಂದರು. ಕೊಟ್ಟಿರಲಿಲ್ಲ. ಹಾಗಾಗಿ ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.

- ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ