ಘಾಟಿ ಸೀಳುವ ಮೊದಲು ಒಂದು ಬೋರ್ಡು ಹಾಕಿ

ಭೋರಿನ ಹಳೇ ಮನೆಗಳ ಹೆಂಚಿಗೆ ಇಲ್ಲಿಯವರು ಇವತ್ತಿಗೂ ಹೇಳುವುದು ‘ಮಂಗಲೋರಿ ಕೌಲ್’ ಎಂದೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆ ಮಾದರಿಯ ಹೆಂಚು ಕರಾವಳಿಗುಂಟ ಹರಡಿ, ಸಹ್ಯಾದ್ರಿ ಹತ್ತಿ, ಊರಿನ ಹೆಸರನ್ನೂ ಹೊತ್ತುಕೊಂಡು ಈ ಪುಟ್ಟ ಸಂಸ್ಥಾನದ ಊರಿಗೂ ಬಂತು. ಆದರೆ ಇಲ್ಲಿಂದ ಮಂಗಳೂರಿಗೆ ಹೋಗುವುದು ಹೇಗೆ ಎಂದು ಪುಣೆಯ ನಮ್ಮ ಕನ್ನಡದವರನ್ನು ಕೇಳಿ ನೋಡಿ. ಎರಡೇ ಉತ್ತರ: ‘ಫ್ಲೈಟ್ ತಗೊಳ್ರಿ’ ಅಥವಾ ‘ಕಾರ್ ಒಯ್ಯಿರಿ’. ಅಲ್ಲಿ ಇಳಿದ ಮೇಲೆ? ‘ಕ್ಯಾಬ್ ಬುಕ್ ಮಾಡ್ರಿ.’

ಇಷ್ಟು ಓದಿದ ಜನ ಇಷ್ಟು ಬೇಗ ಕೈಚೆಲ್ಲುತ್ತಾರಲ್ಲ ಎಂದು ನನಗೆ ಸಿಟ್ಟು.

ಕರಾವಳಿಯ ಪ್ರಯಾಣದ ಮಾತು ಬಂದಾಗಲೆಲ್ಲ ನಾವು ಬೈಯುವುದು ಬೆಟ್ಟವನ್ನು. ಭೋರಿನಿಂದ ಪಶ್ಚಿಮಕ್ಕೆ ನೀರಾ ದೇವಘರ್ ಜಲಾಶಯದ ಅಂಚಿನಲ್ಲಿ ಸಾಗಿ ವರಂಧ ಘಾಟಿ ಇಳಿದರೆ ಮಹಾಡ್, ಅಲ್ಲಿಂದ ಮುಂದೆ ಕೊಂಕಣ. ನಕ್ಷೆಯಲ್ಲಿ ಸಮುದ್ರ ಇಲ್ಲೇ ಪಕ್ಕದಲ್ಲಿದೆ. ಆದರೆ ಇತ್ತೀಚಿನ ಮಳೆಗಾಲಗಳಲ್ಲಿ ಈ ಘಾಟಿ ಭಾರಿ ವಾಹನಗಳಿಗೆ, ಕೆಲವೊಮ್ಮೆ ಎಲ್ಲ ವಾಹನಗಳಿಗೂ ಬಂದ್. ಅತ್ತ ಶಿರಾಡಿಯದೂ ಅದೇ ಗೋಳು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವಂತೂ 1990ರ ದಶಕದಿಂದ ಕಾಡು ಮತ್ತು ಕೋರ್ಟಿನ ನಡುವೆ ನಿಂತಿದೆ. ಆದ್ದರಿಂದ ಗುಡ್ಡ ಕಡಿಯಿರಿ, ಸುರಂಗ ಕೊರೆಯಿರಿ, ರಸ್ತೆ ಅಗಲಿಸಿ ಎಂಬ ಕೂಗು.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೂ ಲಾರಿ ಚಾಲಕರೂ ಹೋದರು. ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ಅದನ್ನು ಟೀವಿಯಲ್ಲಿ ನೋಡಿದ ಮೇಲೂ ‘ಅರ್ಧ ಗಂಟೆ ಉಳಿಯುತ್ತದೆ’ ಎಂದು ಗುಡ್ಡ ಕಡಿಯಲು ಹೇಳುವವರ ಜೊತೆ ನನಗೆ ವಾದವಿಲ್ಲ. ನನ್ನ ತಕರಾರು ಬೇರೆ. ಆ ಅರ್ಧ ಗಂಟೆಯನ್ನು ಊರೊಳಗೇ ಉಳಿಸಬಹುದು, ಒಂದು ಕಲ್ಲೂ ಒಡೆಯದೆ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ: ಒಂದೊಂದು ತಂಡದ ಕೆಲಸ ಸರಿಯಾಗಿಯೇ ಇರುತ್ತದೆ, ಎರಡು ತಂಡಗಳ ಕೆಲಸ ಕೂಡುವ ಜಾಗದಲ್ಲಿ ಎಲ್ಲ ಹಾಳಾಗಿರುತ್ತದೆ. ಆ ಜಾಗಕ್ಕೆ ಯಜಮಾನ ಇರುವುದಿಲ್ಲ. ಮಂಗಳೂರು ಅಂಥ ಕೂಡುವ ಜಾಗಗಳದೇ ಊರು. ಉತ್ತರದಿಂದ ತೋಕೂರಿನ ತನಕ ಕೊಂಕಣ ರೈಲ್ವೆ. ಅಲ್ಲಿಂದ ಈಚೆಗೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲಿನಿಂದ ಘಾಟಿಯ ಕಡೆಗೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಇದಕ್ಕೆ ಇತಿಹಾಸವಿದೆ: 1907ರಲ್ಲಿ ಈ ಊರಿಗೆ ರೈಲು ಬಂದದ್ದೇ ಕೇರಳದ ಕಡೆಯಿಂದ, ಆಗ ಇದು ಮದ್ರಾಸ್ ಪ್ರಾಂತ. ಸೆಂಟ್ರಲ್ ನಿಲ್ದಾಣ ಹಳಿ ಮುಗಿಯುವ ಜಾಗ. ಹಾಗಾಗಿ ಮುಂಬೈ, ಪುಣೆ ಕಡೆಯಿಂದ ಕೇರಳಕ್ಕೆ ಹೋಗುವ ರೈಲುಗಳು ನಮ್ಮನ್ನು ಜಂಕ್ಷನ್ನಿನಲ್ಲಿ ಇಳಿಸಿ ಹೋಗುತ್ತವೆ. ಪೇಟೆ ಅಲ್ಲಿಂದ ಐದಾರು ಕಿಲೋಮೀಟರ್. ಸರ್ಕಾರಿ ಬಸ್ ನಿಲ್ದಾಣ ಬಿಜೈಯಲ್ಲಿ, ಸಿಟಿ ಬಸ್ಸುಗಳು ಸ್ಟೇಟ್ ಬ್ಯಾಂಕಿನಲ್ಲಿ. ಗದಗಿನವನಾದ ನನ್ನಂಥವನಿಗೆ, ಬಸ್ಸಿನ ಹಣೆಯ ಮೇಲಿನ ‘ಸ್ಟೇಟ್ ಬ್ಯಾಂಕ್’ ಎಂಬುದು ಊರಿನ ಮುಖ್ಯ ಬಸ್ ನಿಲ್ದಾಣದ ಹೆಸರು ಎಂದು ಯಾರಾದರೂ ಹೇಳಿಕೊಡಬೇಕು.

ನಾನು ಸಿಟಿ ಬಸ್ಸನ್ನು ಬೈಯುತ್ತಿಲ್ಲ. ಮಂಗಳೂರಿನ ಖಾಸಗಿ ಬಸ್ಸು ಬೇಗ ಬರುತ್ತದೆ, ಕಂಡಕ್ಟರ್ ಪ್ರತಿ ಸ್ಟಾಪಿನ ಹೆಸರು ಕೂಗುತ್ತಾನೆ, ಮೀಟರ್ ಹಾಕದ ಪುಣೆಯ ಆಟೋ ನೋಡಿದವನಿಗೆ ಅದೊಂದು ಸುಖ. ಆದರೆ ಅದು ಗೊತ್ತಿದ್ದವರ ವ್ಯವಸ್ಥೆ. ನಾನು ನಿಂತ ತಂಗುದಾಣಗಳಲ್ಲಿ ಆಸ್ಪತ್ರೆ, ಚಿನ್ನದಂಗಡಿಗಳ ಜಾಹೀರಾತು ಇತ್ತು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿಗೆ, ರಾತ್ರಿ ಕೊನೆಯದು ಯಾವುದು ಎಂಬುದು ಇರಲಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದ ಊರು ಇದು! ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಒಂದು ಬಸ್ಸಿನ ಪಟ್ಟಿ ಅಚ್ಚು ಹಾಕಲು ಏನು ಧಾಡಿ?

ಇದನ್ನು ಹೇಳಿದರೆ ಮಂಗಳೂರಿನ ಗೆಳೆಯನ ಉತ್ತರ ಸಿದ್ಧ: ‘ಕೇಳಿದ್ರೆ ಯಾರಾದ್ರೂ ಹೇಳ್ತಾರೆ ಮಾರಾಯ್ರೆ, ಅದಕ್ಕೆ ಬೋರ್ಡು ಯಾಕೆ?’ ಹೇಳುತ್ತಾರೆ, ನಿಜ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಯಾವುದರಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ರಾತ್ರಿ ಒಂಬತ್ತೂವರೆಗೆ ಖಾಲಿ ಸ್ಟಾಪಿನಲ್ಲಿ ನಿಂತ ಹುಡುಗಿ ಯಾರನ್ನು ಕೇಳಬೇಕು? ಇನ್ನೊಬ್ಬ ಹೇಳಿದ, ‘ಆ್ಯಪ್ ಇದೆಯಲ್ಲ.’ ಆ್ಯಪ್ ಮಾಡಿಯೇ ಹೊಟ್ಟೆ ಹೊರೆಯುವವರು ನಾವು, ಅದು ಯಾರನ್ನು ಹೊರಗಿಡುತ್ತದೆ ಎಂಬುದೂ ನಮಗೇ ಚೆನ್ನಾಗಿ ಗೊತ್ತು.

ಹೆಂಗಸರ ಮಾತು ಬಂದಿತೆಂದು ಹೇಳುತ್ತೇನೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಗದಗಿನಲ್ಲಿ ನನ್ನ ಅಕ್ಕ ವಾರಕ್ಕೆರಡು ಸಲ ದವಾಖಾನೆಗೆ ಹಾಗೇ ಹೋಗಿ ಬರುತ್ತಾಳೆ. ಮಂಗಳೂರಿನಲ್ಲಿ ಬೀಡಿ ಕಟ್ಟಿ ಸಂಜೆ ಬಸ್ಸು ಹತ್ತುವ ಹೆಂಗಸು ಬಹಳಷ್ಟು ದಾರಿಗಳಲ್ಲಿ ದುಡ್ಡು ಕೊಡುತ್ತಾಳೆ, ಯಾಕೆಂದರೆ ಆ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅದೇ ರಾಜ್ಯ, ಅದೇ ಆಧಾರ್ ಕಾರ್ಡು. ಖಾಸಗಿಯವರನ್ನು ಓಡಿಸಿ ಎನ್ನುವುದಿಲ್ಲ. ಆ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಅವರಿಗೆ ಯಾಕೆ ಕಟ್ಟಿಕೊಡಬಾರದು ಎಂದಷ್ಟೇ ಕೇಳುತ್ತೇನೆ.

ಇನ್ನು ಬೋರ್ಡಿನ ವಿಷಯ. ಅದಕ್ಕೆ ಬೇಕಾದ ಮಾಹಿತಿ ಎಲ್ಲಿಂದಲೋ ಹೊಸದಾಗಿ ತರಬೇಕಾಗಿಲ್ಲ. ಖಾಸಗಿ ಬಸ್ಸಿನ ಪರ್ಮಿಟ್ಟಿನಲ್ಲೇ ದಾರಿ ಮತ್ತು ಸಮಯ ಇರುತ್ತದೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುವುದು ಅದಕ್ಕೇ. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅಂದರೆ ಇಡೀ ಊರಿನ ವೇಳಾಪಟ್ಟಿ ಒಂದೇ ಕಚೇರಿಯ ಕಡತಗಳಲ್ಲಿ ಇದೆ, ನಿಂತು ಕಾಯುವವರ ಕಣ್ಣಿಗೆ ಮಾತ್ರ ಇಲ್ಲ.

ಕದ್ರಿಯಲ್ಲಿ 968ನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಗಳ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳಿವೆ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿದರೆ ತಣ್ಣೀರುಬಾವಿ. ಎಲ್ಲವೂ ಒಂದು ದಿನದಲ್ಲಿ, ಬಸ್ಸಿನಲ್ಲಿ ನೋಡುವಂಥವು. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಈ ಊರಿಗೆ ಬಂದು ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ. ಅಂಥ ಬಂದರು ಇಂದು ಗದಗಿನವನಿಗೆ ‘ಕ್ಯಾಬ್ ಮಾಡ್ರಿ’ ಎನ್ನುತ್ತದೆ.

ಡಿಸೆಂಬರ್ ರಜೆಗೆ ನಿಮ್ಮಲ್ಲಿ ಹಲವರು ಕರಾವಳಿಗೆ ಇಳಿಯುತ್ತೀರಿ. ಪರ್ಮಿಟ್ಟಿನ ಸಮಯಪಟ್ಟಿ ಕೇಳಿ ಮಾಹಿತಿ ಹಕ್ಕಿನ ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ. ನೀವು ಸ್ಟಾಪುಗಳ ಫೋಟೋ, ನಿಂತ ಜಾಗ, ಹತ್ತಿದ ಬಸ್ಸಿನ ನಂಬರ್ ಕಳಿಸಿ. ಕೋಷ್ಟಕ ಮಾಡುವ ಕೆಲಸ ನನ್ನದು.