ಧೂಳಿಗೂ ಒಂದು ಠೇವಣಿ ಇರಲಿ

ಬಸವನಗುಡಿಯ ನಮ್ಮ ಪಕ್ಕದ ಹೆಂಚಿನ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೆಡವಿದರು. ಆ 60x90 ಅಡಿ ನಿವೇಶನದಲ್ಲಿ ಈಗ ನೆಲಮಾಳಿಗೆ ಸಹಿತ ನಾಲ್ಕು ಅಂತಸ್ತು ಏಳುತ್ತಿದೆ. ಅಂದಿನಿಂದ ನಾವು ಕಿಟಕಿ ತೆರೆದಿಲ್ಲ. ಉಬ್ಬಸದ ತೊಂದರೆಯಿರುವ ನನ್ನ ಪತ್ನಿ ಮೂರು ತಿಂಗಳು ಮಗಳ ಮನೆಯಲ್ಲಿರಬೇಕಾಯಿತು. ರಸ್ತೆಯಂಚಿಗೆ ಸುರಿದಿದ್ದ ಕೆಮ್ಮಣ್ಣು ಮಳೆಗೆ ಚರಂಡಿ ಸೇರಿತು. ಉಳಿದದ್ದು ಒಣಗಿ ಮತ್ತೆ ಧೂಳಾಯಿತು. ದೂರು ಕೊಟ್ಟರೆ, ‘ಸಣ್ಣ ಕಟ್ಟಡ ಸಾರ್, ಅದಕ್ಕೆ ನಿಯಮ ಅನ್ವಯಿಸುವುದಿಲ್ಲ’ ಎಂಬ ಉತ್ತರ ಬಂತು.

1898ರ ಪ್ಲೇಗಿನ ನಂತರ, ಕಿಕ್ಕಿರಿದ ಪೇಟೆಯಿಂದ ಹೊರಬಂದ ಜನರಿಗೆ ಗಾಳಿ ಬೆಳಕು ಒದಗಿಸಲೆಂದು ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿಯೇ ಇಂದು ಉಸಿರಾಟ ಕಷ್ಟವಾಗಿರುವುದು ವಿಪರ್ಯಾಸ.

ಅಧಿಕಾರಿಯ ಉತ್ತರ ಅರ್ಧಸತ್ಯ. ಕೇಂದ್ರ ಪರಿಸರ ಸಚಿವಾಲಯದ 2018ರ ನಿಯಮಗಳು ಸಡಿಲ ಮಣ್ಣನ್ನು ಮುಚ್ಚಿಡಬೇಕು, ನೀರು ಸಿಂಪಡಿಸಬೇಕು, ಗಾಳಿತಡೆ ಕಟ್ಟಬೇಕು ಎನ್ನುತ್ತವೆ. ಆದರೆ ಈ ಷರತ್ತುಗಳು ಪರಿಸರ ಅನುಮತಿ ಬೇಕಾದ ಯೋಜನೆಗಳಿಗೆ ಮಾತ್ರ. ಅಂದರೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣದವುಗಳಿಗೆ. ರಸ್ತೆಬದಿಯಲ್ಲಿ ಸಾಮಗ್ರಿ ರಾಶಿ ಹಾಕುವುದು, ಬಯಲಿನಲ್ಲಿ ಕಲ್ಲು ಕೊಯ್ಯುವುದು, ಮುಚ್ಚದ ವಾಹನದಲ್ಲಿ ಮಣ್ಣು ಸಾಗಿಸುವುದು ಮಾತ್ರ ಎಲ್ಲರಿಗೂ ನಿಷಿದ್ಧ. ನಮ್ಮ ಬೀದಿಯಲ್ಲಿ ಈ ಮೂರೂ ನಡೆದಿವೆ.

ಮರಳುಗಾಡಿನ ನಗರವೊಂದನ್ನು ನೋಡೋಣ. ಅಮೆರಿಕದ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಒಂದು ಎಕರೆಯ ಹತ್ತನೇ ಒಂದು ಭಾಗ, ಅಂದರೆ 4,356 ಚದರ ಅಡಿ ನೆಲ ಕೆದಕಿದರೂ ಧೂಳು ನಿಯಂತ್ರಣದ ಪರವಾನಗಿ ಬೇಕು. ನಮ್ಮ ಪಕ್ಕದ ನಿವೇಶನ 5,400 ಚದರ ಅಡಿ. ಅಲ್ಲಿನ ಲೆಕ್ಕ ಕೆದಕಿದ ನೆಲದ್ದು, ನಮ್ಮದು ಕಟ್ಟುವ ಮಹಡಿಗಳದ್ದು. ಧೂಳು ಏಳುವುದು ನೆಲದಿಂದ ತಾನೇ? ಚಾಮರಾಜಪೇಟೆಯಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ನಡೆಯುವ ಕೆಲಸ ಬಹುಪಾಲು ಇಂಥ ಸಣ್ಣ ನಿವೇಶನಗಳದ್ದೇ. ಒಂದೊಂದೂ ಸಣ್ಣದು; ಒಟ್ಟು ಸೇರಿದರೆ ಸಣ್ಣದಲ್ಲ.

ಕಟ್ಟುವವನ ಉಳಿತಾಯ ನೆರೆಯವನ ಔಷಧದ ಖರ್ಚಾಗುವುದನ್ನು ಅರ್ಥಶಾಸ್ತ್ರ ಬಾಹ್ಯ ವೆಚ್ಚ ಎನ್ನುತ್ತದೆ. ಅದಕ್ಕೆ ದಂಡ ಸಾಲದು. ದಂಡ ಹಾಕಲು ಯಾರಾದರೂ ಬಂದು ನೋಡಬೇಕು. ಅನೇಕ ಸುತ್ತೋಲೆಗಳಿಗೆ ಸಹಿ ಹಾಕಿದವನಾಗಿ ಈ ಮಾತು ಹೇಳುತ್ತಿದ್ದೇನೆ. ನಕ್ಷೆ ಮಂಜೂರಾತಿಯ ವೇಳೆಯಲ್ಲೇ, ಕೆದಕುವ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಠೇವಣಿ ಪಡೆಯಬೇಕು. ಮಣ್ಣು ಮುಚ್ಚಿ, ಬಲೆ ಕಟ್ಟಿ, ಚರಂಡಿ ಶುಚಿಯಾಗಿಟ್ಟವರಿಗೆ ಅದನ್ನು ಪೂರ್ತಿ ಮರಳಿಸಬೇಕು. ತಪ್ಪಿದವರ ಹಣದಿಂದ ಚರಂಡಿಯ ಹೂಳು ತೆಗೆಸಬೇಕು. ಷರತ್ತುಗಳ ಫಲಕ ನಿವೇಶನದ ಮುಂದಿದ್ದರೆ ನೆರೆಹೊರೆಯವರೇ ಸಾಕ್ಷಿಗಳಾಗುತ್ತಾರೆ.

ಸಣ್ಣ ಮಾಲೀಕನಿಗೆ ಇದು ಹೊರೆಯಲ್ಲವೇ ಎಂದು ಕೇಳಬಹುದು. ಕೋಟಿಗಳ ಕಟ್ಟಡಕ್ಕೆ ಟಾರ್ಪಾಲು, ಬಲೆಗಳ ಬೆಲೆ ಅಲ್ಪ. ಠೇವಣಿಯಂತೂ ವಾಪಸು ಬರುವ ಹಣ. ನೀರಿನ ಪ್ರಶ್ನೆಗೂ ಉತ್ತರವಿದೆ: 2024ರ ಅಭಾವದಲ್ಲಿ ಜಲಮಂಡಳಿ ನಿರ್ಮಾಣಕ್ಕೆ ಕುಡಿಯುವ ನೀರನ್ನು ನಿಷೇಧಿಸಿದಾಗ ಸಂಸ್ಕರಿಸಿದ ನೀರೇ ಬಳಕೆಗೆ ಬಂದಿತು. ಧೂಳು ಅಡಗಿಸಲು ಅದು ಧಾರಾಳವಾಗಿ ಸಾಕು.

2025ರಲ್ಲಿ ನಗರಕ್ಕೆ ಐದು ಹೊಸ ಪಾಲಿಕೆಗಳು ಬಂದಿವೆ. ಅವು ತಮ್ಮ ಕಟ್ಟಡ ನಿಯಮಗಳಿಗೆ ಈ ಒಂದು ಷರತ್ತನ್ನು ಸೇರಿಸಲಿ. ಮುಂದಿನ ಬೇಸಿಗೆಯಲ್ಲಾದರೂ ನಾವು ಕಿಟಕಿ ತೆರೆಯುವಂತಾಗಲಿ.